ಯಂತ್ರದ ದನಿಯೊಳಗಿನ ಸೀಟಿ

ಆ ಸೀಟಿಯ ಸದ್ದು ಮೊದಲ ಸಲ ಕೇಳಿಸಿದಾಗ ನಾನು ಬೈದದ್ದು ಫ್ಯಾನಿಗೆ. ಆಮೇಲೆ ಮೈಕಿನ ಕೇಬಲ್ಲಿಗೆ. ಅದು ಒಬ್ಬ ಮನುಷ್ಯನ ಗಂಟಲಿನಿಂದ ಬರುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಅದನ್ನು ಎಷ್ಟು ಕ್ಲಿಪ್ಪುಗಳಿಂದ ತೆಗೆದುಹಾಕಿದ್ದೆನೋ ನನಗೇ ಗೊತ್ತಿಲ್ಲ.

ಆಗ ನಾನು ಒಂದು ಕಂಪ್ಯೂಟರ್ ಆಟದ ಮಾಡ್‌ಗೆ ಯಂತ್ರಮಾನವನ ದನಿ ಸಿದ್ಧಪಡಿಸುತ್ತಿದ್ದೆ. ಮಾಡ್ ಎಂದರೆ, ಈಗಾಗಲೇ ಇರುವ ಆಟಕ್ಕೆ ಅದನ್ನು ಆಡುವವರೇ ಪ್ರೀತಿಯಿಂದ ಕಟ್ಟಿ ಸೇರಿಸುವ ಹೊಸ ಭಾಗ. ಕನ್ನಡದ ಹುಡುಗರ ತಂಡವೊಂದು, ಒಬ್ಬರ ಮುಖ ಒಬ್ಬರು ನೋಡದೆ, ಬೇರೆ ಬೇರೆ ಊರುಗಳಲ್ಲಿ ಕೂತು ಅದನ್ನು ಕಟ್ಟುತ್ತಿತ್ತು. ಪಾಳುಬಿದ್ದ ಗಣಿಯೊಂದರಲ್ಲಿ ಆಟಗಾರ ದಾರಿ ತಪ್ಪುತ್ತಾನೆ. ಅಲ್ಲೇ ಉಳಿದುಹೋದ ಹಳೆಯ ಯಂತ್ರವೊಂದು ದೀಪ ಹಿಡಿದು ಅವನನ್ನು ಮೇಲಕ್ಕೆ ಕರೆತರುತ್ತದೆ. ಆ ಯಂತ್ರ ನಮ್ಮ ಗಡಿಯ ಕನ್ನಡ ಮಾತಾಡಬೇಕು ಎಂಬುದು ತಂಡದ ಮುಖ್ಯಸ್ಥನ ಹಠ. ಸೊಲ್ಲಾಪುರದಲ್ಲಿ ಕೀರ್ತನೆ, ಮದುವೆ, ಅಂಗಡಿ ಜಾಹೀರಾತುಗಳ ಧ್ವನಿಯನ್ನು ತಿದ್ದಿಕೊಡುತ್ತಿದ್ದ ನನ್ನನ್ನು ಅವನು ಫೋನಿನಲ್ಲಿ ಹುಡುಕಿ ಹಿಡಿದದ್ದು ಹಾಗೆ.

ನಾನು ಹುಡುಕಬೇಕಾಗಿದ್ದದ್ದು ದನಿಯನ್ನು. ನಾಟಕದ ಕಲಾವಿದರು ಯಂತ್ರದ ಹಾಗೆ ಮಾತಾಡುತ್ತಿದ್ದರೇ ಹೊರತು ಯಂತ್ರವಾಗುತ್ತಿರಲಿಲ್ಲ. ಕೊನೆಗೆ ಆ ದನಿ ಸಿಕ್ಕಿದ್ದು ಅಕ್ಕಲಕೋಟೆಯಲ್ಲಿ, ಅವ್ವನ ಜೊತೆ ದರ್ಶನಕ್ಕೆ ಹೋದಾಗ. ಭಕ್ತರಿಗೆ ಊಟ ಹಾಕುವ ಒಂದು ಛತ್ರದ ಅಂಗಳದಲ್ಲಿ ನಿಂತಿದ್ದೆವು. ಧ್ವನಿವರ್ಧಕದಲ್ಲಿ ಗಂಡಸಿನ ದನಿ ಬಂತು: "ಇಂಡಿ ಕಡಿಂದ ಬಂದ ಆಯಿ ಒಬ್ಬಾಕಿ ನೀರಿನ ಟಾಕಿ ಹತ್ತರ ನಿಂತಾಳ. ಜೋಡಿ ಬಂದವರು ಬಂದು ಕರಕೊಂಡು ಹೋಗ್ರಿ." ಅದನ್ನೇ ಮರಾಠಿಯಲ್ಲಿ ಹೇಳಿ, ಅದೇ ದನಿಯಲ್ಲಿ, "ಎಡಗಾಲಿನ ಒಂದು ಚಪ್ಪಲಿ ಸಿಕ್ಕೈತಿ" ಎಂದಿತು. ತಪ್ಪಿಸಿಕೊಂಡ ಮುದುಕಿಗೂ ಚಪ್ಪಲಿಗೂ ಅದರಲ್ಲಿ ವ್ಯತ್ಯಾಸವೇ ಇರಲಿಲ್ಲ. ಕರುಣೆ ಇಲ್ಲ, ಬೇಸರವೂ ಇಲ್ಲ. ಆದರೂ ಆ ದನಿ ಹೇಳಿದ ಕಡೆ ಹೋದರೆ ನಮ್ಮವರು ಸಿಕ್ಕೇ ಸಿಗುತ್ತಾರೆ ಎಂಬ ಧೈರ್ಯ ಬರುತ್ತಿತ್ತು. ನಾನು ಅವ್ವನನ್ನು ಪಂಕ್ತಿಯಲ್ಲಿ ಕೂಡಿಸಿ ಆ ದನಿ ಬರುತ್ತಿದ್ದ ಕೋಣೆಯ ಬಾಗಿಲಿಗೆ ಹೋದೆ.

ಒಳಗಿದ್ದವರು ಅರವತ್ತರ ಹತ್ತಿರದ, ಸಣಕಲು ಮೈಯ ಮನುಷ್ಯ. ನಾನು ಅವರನ್ನು ಕಾಕಾ ಎಂದೆ, ಅವರು ನನ್ನನ್ನು ತಂಗಿ ಎಂದರು. ಕೊನೆಯವರೆಗೂ ನಾವು ಹಾಗೇ ಉಳಿದೆವು. ವಿಷಯ ಹೇಳಿದಾಗ ಅವರು ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

"ಮಷೀನಿನ ಆವಾಜ ಕೊಡಬೇಕು, ಅಷ್ಟಽ ಅಲ್ಲೇನು? ಕೊಡೂಣು. ಖರೆ, ಕನ್ನಡ ಓದಾಕ ಬರಾಂಗಿಲ್ಲ ನನಗ. ಸಾಲಿ ಕಲ್ತದ್ದು ಮರಾಠಿ."

ಹಾಗಾಗಿ ಯಂತ್ರದ ಮಾತುಗಳನ್ನೆಲ್ಲ ದೇವನಾಗರಿ ಲಿಪಿಯಲ್ಲಿ, ದಪ್ಪಕ್ಷರದಲ್ಲಿ ಬರೆದುಕೊಂಡೆ.

ನಮ್ಮದು ಚಾದರು, ಟಾವೆಲುಗಳ ಸಗಟು ವ್ಯಾಪಾರ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಬಟ್ಟೆಯ ಗಂಟುಗಳು ಸೂರಿನವರೆಗೆ ಪೇರಿಸಿರುತ್ತವೆ. ಆ ಗಂಟುಗಳ ನಡುವೆ ಕೂತರೆ ಸೊಲ್ಲಾಪುರದ ಯಾವ ಸದ್ದೂ ಒಳಗೆ ಬರುವುದಿಲ್ಲ; ಚಪ್ಪಾಳೆ ತಟ್ಟಿದರೂ ಪ್ರತಿಧ್ವನಿ ಹುಟ್ಟುವುದಿಲ್ಲ. ಅಲ್ಲೇ ಒಂದು ಸ್ಟೂಲು, ಮೈಕು, ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಬಿಡುವು ಸಿಕ್ಕಾಗಲೆಲ್ಲ ಕಾಕಾ ಬಸ್ಸು ಹಿಡಿದು ಬರುತ್ತಿದ್ದರು.

ಮೊದಲ ಪೇಚು, ಅವರು ಮೈಕನ್ನು ನುಂಗುವ ಹಾಗೆ ಬಾಯಿ ತರುತ್ತಿದ್ದರು. ಪ, ಬ ಅಕ್ಷರಗಳು ಗುಂಡು ಸಿಡಿದಂತೆ ಕೇಳುತ್ತಿದ್ದವು. ಒಂದು ಗೇಣು ದೂರದಲ್ಲಿ ತೆಳು ಬಟ್ಟೆಯ ಚೌಕಟ್ಟು ನಿಲ್ಲಿಸಿ, ಅದರಾಚೆ ಮುಖ ತರಬಾರದು ಎಂದೆ. ಎರಡನೆಯದು, ಅಭ್ಯಾಸಬಲದಿಂದ ಪ್ರತಿ ಮಾತನ್ನೂ ಎರಡೆರಡು ಸಲ ಹೇಳುತ್ತಿದ್ದರು. ಅದನ್ನು ನಾನು ಬಿಡಿಸಲಿಲ್ಲ. ಯಾವುದು ಚೆನ್ನಾಗಿರುತ್ತದೋ ಅದನ್ನು ಇಟ್ಟುಕೊಳ್ಳುತ್ತಿದ್ದೆ.

ಆಮೇಲಿನ ಕೆಲಸ ನನ್ನೊಬ್ಬಳದು. ದನಿಯನ್ನು ಕೊಂಚ ಕೆಳಗಿಳಿಸಿ, ಏರಿಳಿತವನ್ನು ಸಪಾಟು ಮಾಡುವುದು. ಅದರದೇ ನಕಲನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಡಮಾಡಿ ಮೇಲೆ ಹೊದಿಸಿದರೆ, ತಗಡಿನ ಕೊಳವೆಯೊಳಗಿಂದ ಮಾತಾಡಿದಂತಾಗುತ್ತದೆ. ಅದಕ್ಕೆ ಚೂರು ಗುಂಯ್‌ಗುಡುವ ಕಂಪನ ಸೇರಿಸಬೇಕು. ಹೆಚ್ಚಾದರೆ ವ್ಯಂಜನಗಳು ಅಳಿಸಿ 'ಬಾಗಲಾ' ಎಂಬುದು 'ಮಾಗಲಾ' ಎಂದು ಕೇಳುತ್ತದೆ. ಈ ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಉಸಿರು ತೆಗೆಯುವುದು. ಯಂತ್ರಕ್ಕೆ ಶ್ವಾಸಕೋಶ ಇರುವುದಿಲ್ಲವಲ್ಲ. ಎರಡು ಮಾತುಗಳ ನಡುವೆ ಮನುಷ್ಯ ಎಳೆದುಕೊಳ್ಳುವ ಒಂದೊಂದು ಉಸಿರನ್ನೂ ಹುಡುಕಿ, ಕತ್ತರಿಸಿ, ಆ ಜಾಗದಲ್ಲಿ ಗೋದಾಮಿನ ಖಾಲಿ ಮೌನವನ್ನು ತುಂಬುತ್ತಿದ್ದೆ. ಕತ್ತರಿಸಿದ್ದನ್ನು ಎಸೆಯದೆ ಬೇರೊಂದು ಟ್ರ್ಯಾಕಿಗೆ ತಳ್ಳುತ್ತಿದ್ದೆ. ಅಕ್ಷರವೇನಾದರೂ ಜೊತೆಗೆ ಹರಿದು ಹೋಗಿದ್ದರೆ ವಾಪಸು ತರಲಿಕ್ಕಿರಲಿ ಎಂದು.

ಸೀಟಿ ಇದ್ದದ್ದು ಆ ಉಸಿರುಗಳಲ್ಲಿ.

ಫ್ಯಾನ್ ನಿಲ್ಲಿಸಿದೆ, ಹೋಗಲಿಲ್ಲ. ಕೇಬಲ್ ಬದಲಿಸಿದೆ. ಹಿಂದಿನ ಓಣಿಯಲ್ಲಿ ಟಾವೆಲಿನ ಅಂಚು ಹೊಲಿಯುವ ಯಂತ್ರವಿದೆ, ಅದಿರಬಹುದೆಂದು ಅಲ್ಲಿಯವರು ಊಟಕ್ಕೆ ಎದ್ದಾಗ ರೆಕಾರ್ಡ್ ಮಾಡಿದೆ; ಸೀಟಿ ಆಗಲೂ ಇತ್ತು. ಖಾಲಿ ಕೋಣೆಯನ್ನೂ ರೆಕಾರ್ಡ್ ಮಾಡಿ ನೋಡಿದೆ. ಅದರಲ್ಲಿ ಸೀಟಿ ಇರಲಿಲ್ಲ. ಕೊನೆಗೆ ಸದ್ದನ್ನು ಚಿತ್ರವಾಗಿ ತೋರಿಸುವ ಕಿಟಕಿ ತೆರೆದೆ. ಅದರಲ್ಲಿ ಸಾಮಾನ್ಯ ಉಸಿರು ಮಬ್ಬು ಮೋಡದ ಹಾಗೆ ಕಾಣುತ್ತದೆ. ಕಾಕಾನ ಉಸಿರಿನ ಮೋಡದೊಳಗೆ ಒಂದು ಹೊಳೆಯುವ ಗೆರೆ ಇತ್ತು. ಉಸಿರು ಬಿಡುವಾಗ ಇಲ್ಲ, ಎಳೆದುಕೊಳ್ಳುವಾಗ ಮಾತ್ರ.

ಹಳೆಯ ಫೈಲುಗಳನ್ನು ತೆರೆದೆ. ಮೊದಮೊದಲ ದಿನಗಳ ಉಸಿರಿನಲ್ಲಿ ಗೆರೆಯಿರಲಿಲ್ಲ. ಆಮೇಲಿನವುಗಳಲ್ಲಿ ಕೂದಲೆಳೆಯಷ್ಟು. ಇತ್ತೀಚಿನವುಗಳಲ್ಲಿ ಮಾರ್ಕರ್ ಪೆನ್ನಿನಿಂದ ಎಳೆದಷ್ಟು ದಪ್ಪ. ಕತ್ತರಿಸಿಟ್ಟಿದ್ದ ಉಸಿರುಗಳನ್ನೆಲ್ಲ ದಿನದ ಕ್ರಮದಲ್ಲಿ ಸಾಲಾಗಿ ಜೋಡಿಸಿ ಕೇಳಿದೆ. ಮಾತಿಲ್ಲದ, ಬರೀ ಉಸಿರಿನ ಆ ಸಾಲು ಮುಂದೆ ಸಾಗಿದಂತೆ ಸಣ್ಣಗಾಗುತ್ತಾ, ಚೂಪಾಗುತ್ತಾ ಹೋಯಿತು. ಯಾರೋ ಒಂದು ಬಾಗಿಲನ್ನು ನಿಧಾನವಾಗಿ ಮುಚ್ಚುತ್ತಿರುವ ಹಾಗೆ. ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಗೋದಾಮಿನ ಮೌನ ಕಿವಿಯನ್ನು ಒತ್ತಿತು. ನನ್ನ ಉಸಿರನ್ನೇ ನಾನು ಕೇಳಿಸಿಕೊಳ್ಳುತ್ತಾ ಕೂತಿದ್ದೇನೆಂದು ಆಮೇಲೆ ಅರಿವಾಯಿತು.

ನಾನು ಡಾಕ್ಟರಲ್ಲ. ಹೇಳಿದರೆ ಸುಮ್ಮನೆ ಹೆದರಿಸಿದಂತಾದೀತು, ಹೇಳದಿದ್ದರೆ? ಈ ಎರಡರ ನಡುವೆ ಊಟ ಸೇರಲಿಲ್ಲ. ಮರುದಿನವೇ ಅಕ್ಕಲಕೋಟೆಗೆ ಹೋದೆ.

ಕಾಕಾನ ಮನೆ ಬಸ್‌ಸ್ಟ್ಯಾಂಡಿನ ಹಿಂದೆ. ಕಾಕು, ಅಂದರೆ ಅವರ ಹೆಂಡತಿ, ಹೊಸ್ತಿಲ ಬಳಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಕಾಕಾನ ಕಿವಿಗೆ ಹೆಡ್‌ಫೋನ್ ಹಾಕಿ ಆ ಸಾಲನ್ನು ಕೇಳಿಸಿದೆ.

"ಇದು ಯಾವ ಮಷೀನಿನ ಸಪ್ಪಳ ತಂಗಿ?"

"ಮಷೀನಿಂದಲ್ರಿ ಕಾಕಾ. ನಿಮ್ಮದು. ನೀವು ಉಸರ ತಗೋಳೂದು."

ಅವರು ಮತ್ತೊಮ್ಮೆ ಕೇಳಿದರು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ಬಾಗಿಲ ಕಡೆ ನೋಡಿದರು. ಕಾಕು ಅಲ್ಲಿಂದಲೇ ಅಂದರು: "ನಾ ಹೇಳಿದ್ರ ಕೇಳಾಂಗಿಲ್ಲವ್ವಾ ಅವರು. ಮಲ್ಕೊಂಡ್ರ ಸಾಕು, ಸೀಟಿ ಊದಿಧಾಂಗ ಆಕ್ಕೈತಿ. ಧೂಳಿಗೆ ಹಂಗ ಆಕ್ಕೈತಿ ಅಂತಾರ."

"ದವಾಖಾನಿಗೆ ಹೋಗೂಣು ಕಾಕಾ. ಸೊಲ್ಲಾಪುರದಾಗ ತೋರಿಸೂಣು."

ಕಾಕಾನ ದನಿ ಆಗಲೂ ಸಪಾಟಾಗಿಯೇ ಇತ್ತು. "ನಮ್ಮಣ್ಣಗೂ ಗಂಟಲದಾಗಽ ಆಗಿತ್ತು. ಹೋದ. ಕೊಯ್ದ್ರು. ಮುಂದ ಒಂದು ಮಾತ ಆಡಲಿಲ್ಲಂವ. ವರ್ಷ ತುಂಬೂದ್ರಾಗ ಹೋಗೇಬಿಟ್ಟ." ಆಮೇಲೆ ಕೇಳಿದರು, "ಆ ಮಷೀನಿನ ಮಾತು ಇನ್ನಾ ಎಷ್ಟು ಉಳದಾವು?"

"ಕಡೀ ಭಾಗ ಉಳದೈತ್ರಿ. ಗಣಿಯಿಂದ ಮ್ಯಾಲೆ ಬರೂದು."

"ಅದನ್ನ ಮೊದಲ ಮುಗಸೂಣು. ಆಮ್ಯಾಲೆ ಕೊಯ್ಯಲಿ, ಏನರ ಮಾಡ್ಲಿ. ಒಂದು ಕಡಿ ಆದ್ರೂ ನನ್ನ ಆವಾಜ ಪೂರಾ ಉಳೀಲಿ."

ಆ ಮಾತಿಗೆ ನನ್ನೊಳಗೂ ಒಬ್ಬಳು ಹೌದೆಂದು ತಲೆಯಾಡಿಸಿದಳು. ಎರಡು ದಿನ ಕೂತರೆ ಮುಗಿಯುವ ಕೆಲಸ. ಮುಖ್ಯಸ್ಥ ದಿನಾ ಕೇಳುತ್ತಿದ್ದ. ಆದರೆ ಆ ಕೊನೆಯ ಭಾಗದಲ್ಲಿ ಯಂತ್ರ ಕೂಗಿ ಕರೆಯಬೇಕು, ಉದ್ದುದ್ದ ಮಾತುಗಳನ್ನು ತಡೆಯದೆ ಹೇಳಬೇಕು. ಅವರು ಒಂದೊಂದು ಮಾತಿಗೂ ಗಾಳಿ ಎಳೆಯುವುದನ್ನು ಕಣ್ಣ ಮುಂದೆ ಕಂಡೆ. ಹಾಗೆ ಎಳೆಯುತ್ತಾ ಇರುವಾಗಲೇ ಆ ಉಸಿರಿನ ದಾರಿ ಪೂರ್ತಿ ಮುಚ್ಚಿಕೊಂಡರೆ? ನನ್ನ ಮೈಕಿನ ಮುಂದೆ, ನಮ್ಮ ಗೋದಾಮಿನಲ್ಲಿ?

"ಇಲ್ರಿ ಕಾಕಾ," ಎಂದೆ. "ಡಾಕ್ಟರು ನೋಡೂಮಟಾ ನಾ ಮೈಕ್ ಹಚ್ಚಂಗಿಲ್ಲ."

"ಹಂಗಂದ್ರ?"

"ಹಂಗಂದ್ರ ಕೆಲಸ ಬಂದ್‌ರಿ."

ಅವರು ಎದ್ದು, ಅಂಗಿ ಹಾಕಿಕೊಂಡು, ಛತ್ರದ ಕಡೆ ನಡೆದುಬಿಟ್ಟರು. ಕಾಕು ನನ್ನ ಕೈಗೆ ಒಂದು ಹಿಡಿ ಶೇಂಗಾ ಹಾಕಿದರು. "ಸಿಟ್ಟಲ್ಲವ್ವಾ ಅದು. ಅಂಜ್ಯಾರ," ಎಂದರು.

ಅದರ ಮುಂದಿನ ದಿನಗಳು ಕೆಟ್ಟವು. ಕಾಕಾ ಫೋನ್ ಎತ್ತುತ್ತಿರಲಿಲ್ಲ. ನಾನು ಮಾಡಿದ್ದು ಸರಿಯೇ ಎಂದು ನನಗೇ ಹೇಳಿಕೊಳ್ಳುತ್ತಾ ಇದ್ದೆ. ಆದರೆ ಕೆಲಸ ನಿಲ್ಲಿಸಿದ್ದರಿಂದ ಅವರು ದವಾಖಾನೆಗೇನೂ ಹೋಗಿರಲಿಲ್ಲ. ನನಗೆ ಅವರ ಉಸಿರು ಕೇಳುವುದು ನಿಂತಿತ್ತು, ಅಷ್ಟೆ. ಅದು ಈಗ ಎಷ್ಟು ಸಣ್ಣಗಾಗಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಒಂದು ಬೆಳಿಗ್ಗೆ ಕಾಕುವೇ ಫೋನ್ ಮಾಡಿದರು. "ನೆಗಡಿ ಹತ್ತೈತಿ. ಮಲ್ಕೊಳ್ಳಾಕ ಬರವಲ್ದು, ಕುಂತಽ ನಿದ್ದಿ ಮಾಡತಾರ. ನೀ ಬರ್ತಿಯೇನವ್ವಾ?"

ಅಂಗಡಿಯ ಮಾಲು ಸಾಗಿಸುವ ವ್ಯಾನು ತೆಗೆದುಕೊಂಡು ಒಬ್ಬಳೇ ಹೊರಟೆ. ಮನೆಗೆ ಹೋದರೆ ಕಾಕಾ ಅಲ್ಲಿರಲಿಲ್ಲ. ಛತ್ರದಲ್ಲಿ ಗರ್ದಿ ಬಹಳ, ರಜೆ ಹಾಕಲಾಗದು ಎಂದು ಹೋಗಿದ್ದರಂತೆ. ಕಾಕುವನ್ನು ಕೂಡಿಸಿಕೊಂಡು ಅಲ್ಲಿಗೆ ಹೋದೆ. ಅಂಗಳದ ತುಂಬ ಜನ. ಧ್ವನಿವರ್ಧಕದಲ್ಲಿ ಕಾಕಾನ ದನಿ ಬರುತ್ತಿತ್ತು, "ಪಂಕ್ತಿಗೆ ಕೂಡೂ ಮಂದಿ", ಆಮೇಲೆ ಸೀಟಿ. "ಕೈ ತೊಳಕೊಂಡು", ಮತ್ತೆ ಸೀಟಿ. ಹೆಡ್‌ಫೋನಿನಲ್ಲಿ ಮಾತ್ರ ನಾನು ಕೇಳಿದ್ದ ಆ ಸದ್ದು ಈಗ ಅಂಗಳದ ನಾಲ್ಕೂ ಮೂಲೆಯ ಧ್ವನಿವರ್ಧಕಗಳಿಂದ, ಸಾವಿರಾರು ಜನರ ತಲೆಯ ಮೇಲೆ ಹಾಯುತ್ತಿತ್ತು. ಯಾರೂ ತಲೆಯೆತ್ತಿ ನೋಡಲಿಲ್ಲ. ಮೈಕಿನ ದೋಷ ಎಂದುಕೊಂಡಿದ್ದರೇನೋ, ಮೊದಲು ನಾನು ಅಂದುಕೊಂಡಂತೆ.

"ಬಲಗಡಿ ಬಾಗಲದಿಂದ" ಎಂದ ದನಿ ಅಲ್ಲಿಗೇ ನಿಂತಿತು.

ನಾನು ಓಡಿದೆ. ಕಾಕಾ ಮೇಜಿಗೆ ಎರಡೂ ಕೈ ಊರಿ ಮುಂದಕ್ಕೆ ಬಾಗಿ ನಿಂತಿದ್ದರು. ಕತ್ತಿನ ಕುಳಿ ಪ್ರತಿ ಉಸಿರಿಗೂ ಒಳಗೆ ಸೆಳೆದುಕೊಳ್ಳುತ್ತಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದರು, ಆಗಲಿಲ್ಲ. ಅವರ ಕಣ್ಣಿನಲ್ಲಿ ಇದ್ದದ್ದನ್ನು ನಾನು ಯಾವ ರೆಕಾರ್ಡಿಂಗಿನಲ್ಲೂ ಕೇಳಿರಲಿಲ್ಲ.

ಹತ್ತಿರದ ದವಾಖಾನೆಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಿಡಿದು, ಇದು ಇಲ್ಲಿ ಆಗುವಂಥದ್ದಲ್ಲ, ತಕ್ಷಣ ಸೊಲ್ಲಾಪುರಕ್ಕೆ ಒಯ್ಯಿರಿ ಎಂದರು. ಆಂಬುಲೆನ್ಸು ಬೇರೆ ರೋಗಿಯನ್ನು ಬಿಡಲು ಹೋಗಿತ್ತು. ಅದು ಬರುವವರೆಗೆ ಕಾಯುವುದೋ, ವ್ಯಾನಿನಲ್ಲೇ ಹೊರಡುವುದೋ ಎಂದು ಕೇಳಿದೆ. ಅವರು ಕಾಕಾನ ಕತ್ತನ್ನು ಮತ್ತೊಮ್ಮೆ ನೋಡಿದರು. "ನಿಘಾ" ಎಂದರು, ಹೊರಡಿ ಎಂದು. "ಝೋಪವೂ ನಕಾ." ಮಲಗಿಸಬೇಡಿ. ಜೊತೆಗೆ ಒಂದು ಸಣ್ಣ ಆಕ್ಸಿಜನ್ ಸಿಲಿಂಡರನ್ನೂ ಕೊಟ್ಟು, ಮುಂದಿನ ದವಾಖಾನೆಗೆ ತಾವೇ ಫೋನ್ ಮಾಡಿದರು.

ವ್ಯಾನಿನ ಹಿಂಭಾಗದಲ್ಲಿ ಚಾದರಿನ ಗಂಟುಗಳಿದ್ದವು. ಅವುಗಳಿಗೆ ಆನಿಸಿ ಕಾಕಾನನ್ನು ಕೂಡಿಸಿದೆವು. ಕಾಕು ಮಾಸ್ಕ್ ಹಿಡಿದು ಪಕ್ಕದಲ್ಲಿ ಕೂತರು. ಓಡಿಸುವವಳು ನಾನು, ಹಿಂದೆ ತಿರುಗಿ ನೋಡುವಂತಿರಲಿಲ್ಲ. ನನಗಿದ್ದದ್ದು ಕಿವಿ ಮಾತ್ರ.

ಸೀಟಿ ಕೇಳುತ್ತಿತ್ತು. ಅಷ್ಟು ದಿನ ನಾನು ಹೆದರಿದ್ದ ಆ ಸದ್ದಿಗೇ ಈಗ ಜೋತುಬಿದ್ದೆ. ಅದು ಕೇಳುತ್ತಿರುವವರೆಗೆ ಗಾಳಿ ಒಳಗೆ ಹೋಗುತ್ತಿದೆ. ಲಾರಿ ಪಕ್ಕದಲ್ಲಿ ಹಾದಾಗ ಅದು ಮುಚ್ಚಿಹೋಗುತ್ತಿತ್ತು; ಲಾರಿ ದಾಟುವವರೆಗೆ ನಾನೂ ಉಸಿರು ಹಿಡಿಯುತ್ತಿದ್ದೆ. ವಳಸಂಗ ದಾಟಿದ ಮೇಲೆ, ರಸ್ತೆ ಖಾಲಿಯಿದ್ದಾಗಲೇ, ಅದು ಸಣ್ಣಗಾಗತೊಡಗಿತು. ಮೊದಲು ಗುಣವಾಗುತ್ತಿದೆ ಎಂದುಕೊಂಡೆ. ಆ ಕ್ಷಣವೇ ಹೊಳೆಯಿತು, ಗಾಳಿ ಎಳೆಯುವ ಬಲವೇ ಕುಗ್ಗುತ್ತಿದೆ.

"ಕಾಕು, ಏನಾತ್ರಿ? ಸಪ್ಪಳ ಯಾಕ ಕಡಿಮಿ ಆತು?"

"ಕಣ್ಣ ಮುಚ್ಚಾಕತ್ತಾರವ್ವಾ. ಸುಸ್ತ ಆಗ್ಯಾರ."

"ಮುಚ್ಚಗೊಡಬ್ಯಾಡ್ರಿ! ಎಬ್ಬಸ್ರಿ, ಮಾತಾಡಸ್ರಿ!"

ಕಾಕು ಅವರ ಗಲ್ಲ ತಟ್ಟುತ್ತಾ ಏನೇನೋ ಹೇಳತೊಡಗಿದರು. ಮನೆಯ ಮುಂದಿನ ನಳ ಸೋರುವುದು, ತಂಗಿಯ ಮಗಳ ಬಾಣಂತನ, ಯಾರೋ ಕೊಡಬೇಕಾಗಿದ್ದ ಪಾತ್ರೆ. ಅಳುತ್ತಿದ್ದರು, ಆದರೆ ಮಾತು ನಿಲ್ಲಿಸಲಿಲ್ಲ. ನಾನು ಕುಂಭಾರಿಯ ತಿರುವುಗಳಲ್ಲಿ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಯಾವ ದೇವರನ್ನು ನೆನೆದೆ ಎಂದು ಕೇಳಿದರೆ ಹೇಳಲಾರೆ. ಆ ಸೀಟಿಯ ಒಂದೊಂದು ಎಳೆಯನ್ನೂ ಹಿಡಿದುಕೊಂಡು ಊರು ತಲುಪಿದೆ.

ದವಾಖಾನೆಯಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರು ಕಾಯುತ್ತಿದ್ದರು, ನಡುವಯಸ್ಸಿನ ಹೆಂಗಸು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ದನಿ ಹುಟ್ಟುವ ಜಾಗದಲ್ಲಿ ಹಿಪ್ಪುನೇರಳೆ ಹಣ್ಣಿನ ಹಾಗೆ ಏನೋ ಗೊಂಚಲು ಬೆಳೆದಿತ್ತು. ಗಾಳಿಗೆ ಉಳಿದಿದ್ದ ದಾರಿ, ಅವರು ಹೇಳಿದಂತೆ, ಒಂದು ಜೋಳದ ಕಾಳು ಹಾಯುವಷ್ಟು.

"ಎಷ್ಟು ದಿನದಿಂದ ಈ ಸಪ್ಪಳ ಐತಿ?"

ನಾನು ಫೋನಿನಲ್ಲಿದ್ದ ಉಸಿರಿನ ಸಾಲನ್ನು ಅವರ ಕಿವಿಗೆ ಹಿಡಿದೆ. ಅವರು ಪೂರ್ತಿ ಕೇಳಲಿಲ್ಲ. ನರ್ಸಿನ ಕಡೆ ತಿರುಗಿ ಆಪರೇಷನ್ ಕೋಣೆ ಸಿದ್ಧಮಾಡಲು ಹೇಳಿದರು.

"ಗಂಟಲದ ಮುಂದ ತೂತು ತಗದು ನಳಿ ಹಾಕ್ತೀವಿ. ಮೊದಲ ಉಸರಿಗೆ ದಾರಿ ಆಗ್ಲಿ. ಗಡ್ಡಿ ತಗ್ಯೂದು ಆಮ್ಯಾಲೆ. ಈಗ ಒಂದು ನಿಮಿಷನೂ ತಡಾ ಮಾಡಾಕ ಬರಾಂಗಿಲ್ಲ."

ತೂತು ಎಂಬ ಮಾತು ಕೇಳಿದ್ದೇ ಕಾಕಾ ನನ್ನ ಮಣಿಕಟ್ಟು ಹಿಡಿದರು. ಆ ಸಣಕಲು ಕೈಯಲ್ಲಿ ಅಷ್ಟು ಬಲವಿತ್ತೆಂದು ನನಗೆ ಗೊತ್ತಿರಲಿಲ್ಲ. ಅಣ್ಣನನ್ನು ನೆನೆಯುತ್ತಿದ್ದಾರೆ ಎಂದು ತಿಳಿಯಿತು. ಬೇಡ ಎಂದು ತಲೆಯಾಡಿಸಿದರು. ಡಾಕ್ಟರು ಕಾಕುವನ್ನು ನೋಡಿದರು.

ಕಾಕು ಗಂಡನ ಮುಂದೆ ಬಂದು ನಿಂತರು. "ಮಾತ ಬ್ಯಾಡ್ರಿ ನನಗ," ಎಂದರು. "ನೀವು ಸುಮ್ಮ ಕುಂತ್ರೂ ನಡೀತೈತಿ. ಉಸರ ಇರ್ಲಿ. ನೀವಿರ್ರಿ."

ಕಾಕಾನ ಕೈ ಸಡಿಲವಾಯಿತು.

ಬಾಗಿಲು ಮುಚ್ಚಿದ ಮೇಲೆ ನಾವಿಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕೂತೆವು. ಎಷ್ಟೋ ಹೊತ್ತಿಗೆ ಒಳಗೆ ಕರೆದರು. ಕಾಕಾನ ಕತ್ತಿನಲ್ಲಿ ಬಿಳಿ ನಳಿಕೆ ಇತ್ತು. ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ನಾನು ಅಭ್ಯಾಸದಿಂದ ಕಿವಿಗೊಟ್ಟೆ. ಸೀಟಿ ಇರಲಿಲ್ಲ. ದನಿಯೂ ಇರಲಿಲ್ಲ, ಗಾಳಿ ಈಗ ಗಂಟಲವರೆಗೆ ಏರದೆ ಕೆಳಗಿನಿಂದಲೇ ಹೋಗಿ ಬರುತ್ತಿತ್ತು.

ಗಡ್ಡೆ ತೆಗೆಯಲು ಕೆಲವು ದಿನ ಕಾಯಬೇಕಿತ್ತು. ಅದು ಕ್ಯಾನ್ಸರೋ ಅಲ್ಲವೋ ಯಾರೂ ಹೇಳುತ್ತಿರಲಿಲ್ಲ. ಆ ದಿನಗಳಲ್ಲೇ ಮುಖ್ಯಸ್ಥನ ಸಂದೇಶ ಬಂತು. ಅವನು ಕೆಟ್ಟವನಲ್ಲ. 'ಅವರು ಹುಷಾರಾಗಲಿ ಅಕ್ಕ, ಅದೇ ಮುಖ್ಯ. ನೀವು ಕಳಿಸಿದ್ದ ಮೂಲ ರೆಕಾರ್ಡಿಂಗಿಂದಲೇ ಕಂಪ್ಯೂಟರ್‌ನಲ್ಲಿ ಅವರ ದನಿ ಹುಟ್ಟಿಸಬಹುದು. ಒಂದೇ ಒಂದು ಮಾತು ಮಾಡಿ ಕಳಿಸಿದ್ದೀನಿ. ಅವರನ್ನೇ ಕೇಳಿ. ಬೇಡ ಅಂದ್ರೆ ಬೇಡ' ಎಂದು ಬರೆದಿದ್ದ.

ನಾನು ಅದನ್ನು ಕೇಳಿ ನೋಡಲಿಲ್ಲ. ಕೇಳುವ ಮೊದಲ ಹಕ್ಕು ಕಾಕಾನದು ಎನಿಸಿತು. ವಾರ್ಡಿನಲ್ಲಿ ಅವರ ಮಂಚದ ಪಕ್ಕ ಕೂತು ವಿಷಯ ವಿವರಿಸಿದೆ. ಅವರು ಯೋಚಿಸಿ, ಕೇಳಿಸು ಎಂದು ಕೈಸನ್ನೆ ಮಾಡಿದರು. ಇಯರ್‌ಫೋನನ್ನು ಅವರ ಕಿವಿಗಿಟ್ಟು ಫೋನಿನ ಗುಂಡಿ ಒತ್ತಿದೆ. ಇಯರ್‌ಫೋನು ಫೋನಿಗೆ ಜೋಡಣೆಯೇ ಆಗಿರಲಿಲ್ಲ. ದನಿ ಸ್ಪೀಕರಿನಿಂದ ದೊಡ್ಡದಾಗಿ ಹೊರಟಿತು.

"ಮ್ಯಾಲೆ ಬೆಳಕ ಕಾಣಾಕತ್ತೈತಿ. ಇನ್ನಾ ಸ್ವಲ್ಪ ನಡೀರಿ."

ಕಾಕಾನ ದನಿಯೇ. ನಾನು ಯಾವ ಯಂತ್ರದ ಸದ್ದನ್ನೂ ಬೆರೆಸಿರದ, ಬಸ್ಸಿಳಿದು ಬಂದು ಗೋದಾಮಿನ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ ಅದೇ ದನಿ.

ಹೊರಗೆ ಲೋಟ ತೊಳೆಯುತ್ತಿದ್ದ ಕಾಕು ಒದ್ದೆ ಕೈಯಲ್ಲೇ ಓಡಿ ಬಂದರು. "ಮಾತಾಡಿದ್ರೇನ್ರಿ? ಏನ್ರೀ, ಈಗ ಮಾತಾಡಿದ್ರೇನು?" ಮುಖ ಅರಳಿತ್ತು. ಗಂಡನ ತುಟಿ ನೋಡಿದರು, ನಳಿಕೆ ನೋಡಿದರು, ಆಮೇಲೆ ನನ್ನ ಕೈಯ ಫೋನ್ ನೋಡಿದರು. ಹಾಗೇ ಮಂಚದ ತುದಿಯಲ್ಲಿ ಕುಸಿದರು.

ಕಾಕಾನ ಕೈ ಮೆಲ್ಲಗೆ ಕತ್ತಿನ ನಳಿಕೆಗೆ ಹೋಯಿತು. ಅದನ್ನು ಮುಟ್ಟಿ, ಅಲ್ಲಿ ಬರುವ ಗಾಳಿಯನ್ನು ಅಂಗೈಗೆ ತಾಗಿಸಿಕೊಂಡರು. ಆಮೇಲೆ ನನ್ನ ಫೋನ್ ತೆಗೆದುಕೊಂಡು ಹಾಸಿಗೆಯ ಮೇಲೆ ಬೋರಲಾಗಿ ಇಟ್ಟು, ಅದರ ಮೇಲೆ ಕೈ ಒತ್ತಿ ಹಿಡಿದರು. ರಸ್ತೆಯಲ್ಲಿ ನನಗಾದ ಭಯ ಬೇರೆ, ಇದು ಬೇರೆ. ಮನುಷ್ಯ ಇಲ್ಲಿ ಬಾಯಿಲ್ಲದೆ ಮಲಗಿರುವಾಗ ಅವನ ದನಿ ಬೇರೆಲ್ಲೋ, ಅವನನ್ನು ಬಿಟ್ಟು, ದಣಿವಿಲ್ಲದೆ ಮಾತಾಡುತ್ತಲೇ ಇರಬಹುದು ಎಂಬ ಭಯ.

ಬೇಡ ಎಂದು ಮುಖ್ಯಸ್ಥನಿಗೆ ಬರೆದೆ. ಅವನು ಮರುಮಾತಾಡದೆ ಆ ತುಣುಕನ್ನು ಅಳಿಸಿದ. ಅಲ್ಲಿಗೆ ಎಷ್ಟು ಮಾತಿದೆಯೋ ಅಷ್ಟೇ ಇರಲಿ, ಉಳಿದದ್ದನ್ನು ಮಾತಿಲ್ಲದೆ ಕಟ್ಟುತ್ತೇವೆ ಎಂದ.

ಗಡ್ಡೆ ತೆಗೆದರು. ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೆ ನಾವು ಮೂವರೂ ಅದರ ಹೆಸರೆತ್ತದೆ ಹವಾಮಾನ, ಬಸ್ಸು, ಚಹಾದ ರುಚಿಗಳ ಸುತ್ತ ಸುತ್ತುತ್ತಿದ್ದೆವು. ಕೊನೆಗೆ ಡಾಕ್ಟರು ಕರೆದು ಹೇಳಿದರು: "ಕ್ಯಾನ್ಸರ್ ಅಲ್ಲ. ಖರೆ, ಪೂರಾ ಮುಗೀತು ಅಂತ ತಿಳ್ಕೋಬ್ಯಾಡ್ರಿ. ಇದು ಕೆಲವರಿಗೆ ಮತ್ತ ಬೆಳೀತೈತಿ. ನೋಡಿಸ್ಕೋತ ಇರಬೇಕು." ಕಾಕು ಮೊದಲ ಎರಡು ಪದ ಕೇ‍ಳಿದ ಮೇಲೆ ಉಳಿದದ್ದನ್ನು ಕೇಳಿಸಿಕೊಳ್ಳಲಿಲ್ಲ.

ಗಾಯ ಮಾಗಿದ ಮೇಲೆ ಒಂದು ಮಧ್ಯಾಹ್ನ ಡಾಕ್ಟರು ಕಾಕಾನ ನಳಿಕೆಯ ಬಾಯಿಗೆ ಬೆರಳು ಮುಚ್ಚಿ, "ಈಗ ಮಾತಾಡ್ರಿ" ಎಂದರು. ಕಾಕಾ ಬಾಯಿ ತೆರೆದರು. ಮೊದಲು ಬರೀ ಗಾಳಿ. ಎರಡನೆಯ ಸಲ, ಒಣ ಎಲೆ ಉಜ್ಜಿದಂಥ ಒಂದು ದನಿ, ನನ್ನ ಕಡೆ ತಿರುಗಿ: "ನಿಮ್ಮ ಕಾಕು ಉಂಡಾಳೇನು?"

"ಇಲ್ಲೇ ನಿಂತೀನಲ್ರಿ," ಎಂದರು ಕಾಕು. "ನನ್ನಽ ಕೇಳ್ರಿ."

ನಳಿಕೆ ತೆಗೆದ ಮೇಲೂ ಆ ಹಳೆಯ ದನಿ ಮರಳಲಿಲ್ಲ. ಕಾಕಾ ಈಗ ಛತ್ರದಲ್ಲಿ ಪಂಕ್ತಿಯ ಉಸ್ತುವಾರಿ ನೋಡುತ್ತಾರೆ. ಮೈಕಿನ ಮುಂದೆ ಬೇರೆಯವರಿದ್ದಾರೆ. ಮಾಡ್ ಕೂಡ ಹೊರಬಂತು. ಆಡಿದವರು ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಅಷ್ಟು ದೂರ ಮಾತಾಡುತ್ತಾ ಬಂದ ಯಂತ್ರ ಕೊನೆಯ ಸುರಂಗದಲ್ಲಿ ಯಾಕೆ ಸುಮ್ಮನಾಗುತ್ತದೆ, ಏನು ಕೆಟ್ಟಿದೆ?

ಮೊನ್ನೆ ತಪಾಸಣೆಗೆ ಹೋಗಿದ್ದೆವು. ಡಾಕ್ಟರ ಕೋಣೆಯ ಹೊರಗೆ ಸರದಿಗೆ ಕಾಯುತ್ತಾ ಕೂತಿದ್ದೆವು. ಕಾಕಾನ ಉಸಿರಿಗೆ ಕಿವಿಗೊಡದೆ ಇರಲಿಕ್ಕೆ ನನಗಿನ್ನೂ ಬಂದಿಲ್ಲ. ಸುಮ್ಮನಿರಲಾರದೆ ಅವರಿಗೆ ಆಟಗಾರರ ಆ ಪ್ರಶ್ನೆ ಹೇಳಿದೆ.

ಕಾಕಾ ಆ ಸವೆದ ದನಿಯಲ್ಲಿ ಕೇಳಿದರು, "ಮಾತ ನಿಂತ ಮ್ಯಾಲೆ ಅದು ಅಂವನ್ನ ಬಿಟ್ಟು ಹೋಗತೈತೇನು?"

"ಇಲ್ರಿ. ದೀಪಾ ಹಿಡಕೊಂಡು ಜೋಡೀನಽ ನಡಿತೈತಿ. ಮ್ಯಾಲೆ ಬರೂಮಟಾ."

"ಮತ್ತೇನು ಕೆಟ್ಟೈತಿ ಅಂತಾರ ಅವರು?"

ಒಳಗಿನಿಂದ ಕರೆದರು. ಕಾಕಾ ಎದ್ದರು. ಕಾಕು ಅವರ ಚೀಲ ತೆಗೆದುಕೊಂಡರು. ನಾನು ಬಾಗಿಲು ತೆರೆದು ಹಿಡಿದೆ.